ಏಕವಚನ

ಟಿಕೆಟ್ ಕಿಂಡಿಯ ಆಚೆ ನಿಂತ ಹೆಂಗಸು ತಾನು ಎಲ್ಲಿಗೆ ಹೋಗಬೇಕೆಂದು ಹೇಳಲಿಲ್ಲ. ಕೈಚೀಲವನ್ನು ಕಟ್ಟೆಯ ಮೇಲಿಟ್ಟು, ಕಂಬಿಗಳ ನಡುವಿನಿಂದ ಒಳಗೆ ಇಣುಕಿ, "ನಿಮ್ಮಮ್ಮನ ಬಾಯಿ ಹೇಗಿದೆ?" ಎಂದು ಕೇಳಿದಳು.

ಒಳಗೆ ಕೂತು ಚಿಲ್ಲರೆ ಜೋಡಿಸುತ್ತಿದ್ದ ಮಗಳಿಗೆ ಮೊದಲು ಗುರುತು ಸಿಕ್ಕಿದ್ದು ದನಿ, ಮುಖ ಆಮೇಲೆ. ಲಾಂಡ್ರಿಯಾಕೆ. ಪ್ರವಾಹಕ್ಕೆ ಮುಂಚೆ, ಹೊಳೆಯ ದಂಡೆಯ ಬೀದಿಯಲ್ಲಿ ಇವರ ಹಿಟ್ಟಿನ ಗಿರಣಿಗೆ ಅಂಟಿಕೊಂಡಂತೆ ಲಾಂಡ್ರಿ ಇಟ್ಟುಕೊಂಡಿದ್ದವಳು. ಎರಡಕ್ಕೂ ನಡುವೆ ಇದ್ದದ್ದು ಒಂದೇ ಗೋಡೆ. ಆಗ ಕಂಬದ ಹಾಗೆ ನಿಲ್ಲುತ್ತಿದ್ದ ಹೆಂಗಸು ಈಗ ಒಂದು ಮಗ್ಗುಲಿಗೆ ವಾಲಿದ್ದಳು. ಕೂದಲಿಗೆ ಬಣ್ಣ ಹಚ್ಚುವುದನ್ನು ಬಿಟ್ಟಿದ್ದಳು. ಸೋಪಿನ ನೀರು ತಿಂದು ಬೆಳ್ಳಗೆ ಸುಕ್ಕಾದ ಬೆರಳುಗಳು ಮಾತ್ರ ಹಾಗೇ ಇದ್ದವು.

"ಬಾಯಿ ಎಲ್ಲಿ ಬಂತು ಚಿಕ್ಕಮ್ಮ, ಅಮ್ಮ ಈಗ ಮಾತೇ ಆಡಲ್ಲ" ಎಂದಳು ಮಗಳು.

ಸರದಿಯಲ್ಲಿ ಹಿಂದೆ ನಿಂತವರು ಗೊಣಗತೊಡಗಿದರೂ ಲಾಂಡ್ರಿಯಾಕೆ ಜಾಗ ಬಿಟ್ಟು ಕದಲಲಿಲ್ಲ. ಮಾತಾಡಲ್ಲ ಅಂದರೇನು ಅಂತ ಕೇಳಿದಳು. ಮೂಗಿಯಾಗಿದ್ದಾಳೋ, ಕೋಪವೋ? ಮರೆವು ಎಂದು ಮಗಳು ಹೇಳಿದಳು. ಪ್ರವಾಹವಾಗಿ ವರ್ಷ ತುಂಬುವುದರೊಳಗೆ ಶುರುವಾದದ್ದು, ಈಗ ಹೆಚ್ಚಾಗಿದೆ, ದಿನವಿಡೀ ಕಿಟಕಿ ಹತ್ತಿರ ಕೂತಿರುತ್ತಾಳೆ. ಲಾಂಡ್ರಿಯಾಕೆ, ಯಾರೋ ತನಗೆ ಮೋಸ ಮಾಡಿದ್ದಾರೆ ಎಂಬ ಹಾಗೆ ಅವಳ ಮುಖವನ್ನೇ ನೋಡಿದಳು. ಮನೆಯ ವಿಳಾಸ ಕೇಳಿದಳು.

"ಭಾನುವಾರ ಬರ್ತೀನಿ. ಬರ್ತೀನಿ ಅಂತ ಅವಳಿಗೆ ಹೇಳ್ಬೇಡ" ಎಂದು ಹೇಳಿ ಚೀಲ ಎತ್ತಿಕೊಂಡಳು. ಟಿಕೆಟ್ ತೆಗೆದುಕೊಳ್ಳುವುದನ್ನೇ ಮರೆತು ಹೋದಳು.

ಆ ಬೀದಿಯಲ್ಲಿ ಅಮ್ಮನ ಮತ್ತು ಲಾಂಡ್ರಿಯಾಕೆಯ ಜಗಳ ಕೇಳದೆ ಬೆಳೆದ ಮಕ್ಕಳಿರಲಿಲ್ಲ. ಗಿರಣಿಯ ಹಿಟ್ಟಿನ ಧೂಳು ಗಾಳಿಗೆ ಹಾರಿ ಲಾಂಡ್ರಿಯ ಹಗ್ಗದ ಮೇಲೆ ಒಣಗುತ್ತಿದ್ದ ಒದ್ದೆ ಬಟ್ಟೆಗೆ ಮೆತ್ತಿಕೊಳ್ಳುತ್ತಿತ್ತು. ಲಾಂಡ್ರಿಯ ಕೊಚ್ಚೆನೀರು ಗೋಡೆಯ ಬುಡದಲ್ಲಿ ಜಿನುಗಿ ಗಿರಣಿಯೊಳಗೆ ಬಂದು ಗೋಧಿ ಚೀಲದ ತಳ ನೆನೆಸುತ್ತಿತ್ತು. ಇಬ್ಬರು ಹೇಳುವುದೂ ನಿಜವಾದ್ದರಿಂದ ತೀರ್ಮಾನ ಮಾಡುವವರು ಯಾರೂ ಇರಲಿಲ್ಲ. ಶುರುವಾಯಿತೆಂದರೆ ಎದುರಿನ ಸೈಕಲ್ ಅಂಗಡಿಯವನು ಪಂಚರ್ ಹಾಕುವುದನ್ನು ನಿಲ್ಲಿಸಿ ಕೂತು ನೋಡುತ್ತಿದ್ದ. ಮಗಳ ಅಪ್ಪ ಸಾಧು ಮನುಷ್ಯ. ದನಿಗಳು ಏರುತ್ತಿದ್ದ ಹಾಗೇ ಒಳಗೆ ಹೋಗಿ, ಬೀಸಲು ಕಾಳಿರಲಿ ಇಲ್ಲದಿರಲಿ, ಗಿರಣಿ ಚಾಲೂ ಮಾಡುತ್ತಿದ್ದ. "ಒಬ್ಬಳು ಬೀಸ್ತಾಳೆ, ಒಬ್ಬಳು ಒಗೀತಾಳೆ. ನಾನು ಗೋಧಿಯೋ ಬಟ್ಟೆಯೋ ಅಂತ ನನಗೇ ಗೊತ್ತಾಗ್ತಿಲ್ಲ" ಎಂದು ಸೈಕಲ್ ಅಂಗಡಿಯವನ ಹತ್ತಿರ ಹೇಳಿಕೊಂಡು ನಗುತ್ತಿದ್ದ. ಲಾಂಡ್ರಿಯಾಕೆಯ ಗಂಡನೆಂಬುವನು ಎಂದೋ ಕೆಲಸ ಹುಡುಕಿಕೊಂಡು ಹೋದವನು ಮರಳಿರಲಿಲ್ಲ. ಅವಳ ಪರವಾಗಿ ಚಾಲೂ ಮಾಡುವುದಕ್ಕೆ ಯಾವ ಯಂತ್ರವೂ ಇರಲಿಲ್ಲ.

ಕೊನೆಕೊನೆಗೆ ಜಗಳವೆಲ್ಲ ಗೋಡೆಯ ಮೇಲೆ ಬಂದು ನಿಂತಿತ್ತು. ಗೋಡೆ ಮೇಲಿಂದ ಕೆಳಗಿನವರೆಗೆ ಬಿರುಕು ಬಿಟ್ಟಿತ್ತು. ಗಿರಣಿಯ ನಡುಕಕ್ಕೆ ಬಿಟ್ಟಿದ್ದು, ನೀನೇ ರಿಪೇರಿ ಮಾಡಿಸು ಎಂದು ಲಾಂಡ್ರಿಯಾಕೆ. ನಿನ್ನ ಕೊಚ್ಚೆನೀರಿಗೆ ಬಿಟ್ಟಿದ್ದು, ನೀನೇ ಮಾಡಿಸು ಎಂದು ಅಮ್ಮ. ಮಳೆ ಹಿಡಿದ ವಾರ ಬೀದಿಯ ನಡುವೆ, ಹತ್ತು ಜನರ ಎದುರಿಗೆ ಲಾಂಡ್ರಿಯಾಕೆ ಕೈ ನೀಡಿ ಕೂಗಿದ್ದಳು: "ಒಂದಿನ ಈ ಗೋಡೆ ನಿನ್ನ ಗಂಡನ ತಲೆ ಮೇಲೆ ಬೀಳುತ್ತೆ. ಆಗ ಬರುತ್ತೆ ನಿನಗೆ ಬುದ್ಧಿ."

ಅದೇ ವಾರ ಹೊಳೆ ಉಕ್ಕಿತು. ಬೀದಿಯವರೆಲ್ಲ ಶಾಲೆಯ ಮಹಡಿ ಹತ್ತಿದರು. ಅಪ್ಪ ಮೋಟಾರು ನೆನೆಯಬಾರದೆಂದು ಅದನ್ನು ಕಟ್ಟೆಯ ಮೇಲೆ ಎತ್ತಿಡುತ್ತಿದ್ದಾಗ ಗೋಡೆ ಕುಸಿಯಿತು. ನೀರಿಳಿದ ಮೇಲೆ ನೋಡಿದರೆ ಬೀದಿ ಇದ್ದ ಜಾಗದಲ್ಲಿ ಕೆಸರು, ಕೆಸರಿನಲ್ಲಿ ಅಲ್ಲೊಂದು ಇಲ್ಲೊಂದು ಹೊಸ್ತಿಲು. ಗಿರಣಿಯ ಕಲ್ಲು ಕೂಡ ಸಿಗಲಿಲ್ಲ.

ಮನೆ ಕಳೆದುಕೊಂಡವರಿಗೆ ಸರ್ಕಾರ ಊರ ಹೊರಗೆ ಕಟ್ಟಿದ ಬಿಲ್ಡಿಂಗುಗಳಲ್ಲಿ ಚೀಟಿ ಎತ್ತಿ ಮನೆ ಹಂಚಿದರು. ನ್ಯಾಯವಾಗಿಯೇ ಹಂಚಿದರು, ಯಾರೂ ಲಂಚ ಕೇಳಲಿಲ್ಲ. ಆದರೆ ಒಂದು ಬೀದಿಯವರು ನಾಲ್ಕು ದಿಕ್ಕಿಗೆ ಚೆದುರಿಹೋದರು. ಅಮ್ಮನಿಗೆ ಬಂದದ್ದು ಐದನೆಯ ಮಹಡಿ. ಬಾಡಿಗೆ ಮನೆಯಲ್ಲಿದ್ದ ಮಗಳೂ ಅಳಿಯನೂ ಅವಳ ಜೊತೆಗೆ ಬಂದು ಸೇರಿಕೊಂಡರು.

ಮೊದಮೊದಲು ದುಃಖ ಎಂದುಕೊಂಡರು. ಮಾತು ಕಡಿಮೆಯಾಯಿತು, ಊಟ ಕಡಿಮೆಯಾಯಿತು. ಇಷ್ಟು ಕಳೆದುಕೊಂಡವರು ಇನ್ನು ಹೇಗಿರುತ್ತಾರೆ? ಆಮೇಲೆ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಒಲೆಯ ಮೇಲೆ ಬರೀ ಪಾತ್ರೆ ಕಾದು ಕೆಂಪಾಯಿತು. ಒಂದು ಮಧ್ಯಾಹ್ನ ಮೂರನೆಯ ಮಹಡಿಯ ಯಾರದೋ ಬಾಗಿಲು ತಟ್ಟಿ, ಒಳಗಿನವರು ತೆಗೆದಾಗ, ನನ್ನ ಮನೆಯಲ್ಲಿ ನೀವೇನು ಮಾಡುತ್ತಿದ್ದೀರಿ ಎಂದು ಕೇಳಿದಳು. ಎಲ್ಲ ಬಾಗಿಲೂ ಒಂದೇ ಬಣ್ಣ, ಯಾರಿಗಾದರೂ ಆಗುವಂಥದ್ದು ಎಂದು ಅಳಿಯ ಸಮಾಧಾನ ಹೇಳಿದ. ಮಗಳಿಗೆ ಸಮಾಧಾನವಾಗಲಿಲ್ಲ. ಡಬ್ಬದ ಮುಚ್ಚಳ ನೋಡಿಯೇ ಇದು ಯಾರ ಮನೆಯ ಗೋಧಿ, ಅವರಿಗೆ ನುಣ್ಣಗೆ ಬೇಕೋ ತರಿತರಿಯಾಗಿ ಬೇಕೋ ಎಂದು ಹೇಳುತ್ತಿದ್ದ ತಾಯಿ ಇವಳು.

ಡಾಕ್ಟರು ತಲೆಯ ಫೋಟೋ ತೆಗೆಸಿದರು, ಗಡಿಯಾರದ ಚಿತ್ರ ಬರೆಯಲು ಹೇಳಿದರು. ಅಮ್ಮ ದುಂಡಗೆ ಒಂದು ಗೆರೆ ಎಳೆದು ಪೆನ್ನು ಕೆಳಗಿಟ್ಟಳು. ವಯಸ್ಸಿನದ್ದು ಒಂದಿಷ್ಟು ಇದ್ದೇ ಇದೆ ಎಂದರು ಡಾಕ್ಟರು. ಆದರೆ ಮನೆ, ಕೆಲಸ, ದಿನಾ ನೋಡುವ ಮುಖಗಳು, ಎಲ್ಲ ಒಂದೇ ಏಟಿಗೆ ಹೋದವರಲ್ಲಿ ಇದು ಬೇಗ ಬೇಗ ಮುಂದುವರಿಯುವುದನ್ನು ತಾನು ಈ ಪ್ರವಾಹದ ನಂತರ ಬಹಳ ನೋಡುತ್ತಿದ್ದೇನೆ ಎಂದರು. ಮಾತ್ರೆ ಬರೆದುಕೊಟ್ಟು, ಮಾತ್ರೆಯಿಂದ ಹೆಚ್ಚೇನೂ ಆಗುವುದಿಲ್ಲ ಎಂದು ಅವರೇ ಹೇಳಿದರು. ಮಾತಾಡಿಸುತ್ತಿರಿ, ಹಳೆಯ ಪರಿಚಯದವರಿದ್ದರೆ ಕರೆಸಿ ಎಂದರು. ಮಗಳು ಸೈಕಲ್ ಅಂಗಡಿಯವನನ್ನು ಹುಡುಕಿ ಕರೆಸಿದಳು. ಅವನು ಬಂದು, ಅಮ್ಮನನ್ನು ನೋಡಿ ಅತ್ತು, ಟೀ ಕುಡಿದು ಹೋದ. ಮತ್ತೆ ಬರಲಿಲ್ಲ. ಲಾಂಡ್ರಿಯಾಕೆಯನ್ನು ಕರೆಸುವುದು ಮಗಳಿಗೆ ಹೊಳೆದಿರಲಿಲ್ಲ. ಹೊಳೆದಿದ್ದರೂ ಕರೆಸುತ್ತಿರಲಿಲ್ಲ. ಬೀದಿಯ ನಡುವೆ ಅಂದ ಆ ಮಾತನ್ನು ಅವಳೂ ಕೇಳಿಸಿಕೊಂಡಿದ್ದಳು.

ಭಾನುವಾರ ಲಾಂಡ್ರಿಯಾಕೆ ಬಂದಾಗ ಅಮ್ಮ ಕಿಟಕಿಯ ಹತ್ತಿರ ಕೂತಿದ್ದಳು, ಕೈಯಲ್ಲಿದ್ದ ಟೀ ತಣ್ಣಗಾಗಿತ್ತು. ಬಂದವಳು ಕುಶಲ ವಿಚಾರಿಸಲಿಲ್ಲ. ನಡುಮನೆಯಲ್ಲಿ ನಿಂತು, ಮೇಜಿನ ಮೇಲೆ ಬೆರಳಾಡಿಸಿ, ಬೆರಳನ್ನು ಬೆಳಕಿಗೆ ಹಿಡಿದಳು.

"ಗಿರಣಿ ಹೋದರೂ ನಿನ್ನ ಧೂಳು ಹೋಗ್ಲಿಲ್ಲ ನೋಡು" ಎಂದಳು.

ಅಮ್ಮ ಮೆಲ್ಲಗೆ ತಲೆ ತಿರುಗಿಸಿದಳು. ಬಹಳ ಹೊತ್ತು ನೋಡಿದಳು. ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ನಿನ್ನನ್ಯಾರೇ ಒಳಗೆ ಬಿಟ್ಟಿದ್ದು?" ಎಂದಳು ಅಮ್ಮ.

"ಯಾಕೆ, ನಿನ್ನ ಅಪ್ಪಣೆ ಬೇಕಾ? ಒಗೆದ ಬಟ್ಟೆ ಮೇಲೆ ಹಿಟ್ಟು ಸುರೀವಾಗ ನೀನು ನನ್ನ ಅಪ್ಪಣೆ ಕೇಳಿದ್ಯಾ? ಹೋಟೆಲಿನವನ ಚಾದರ ಅಷ್ಟೂ ಹಾಳು ಮಾಡಿದ್ದೆ."

ಅಮ್ಮ ಲೋಟವನ್ನು ಕಿಟಕಿಯ ಕಟ್ಟೆಯ ಮೇಲೆ ಕುಕ್ಕಿದಳು. "ಹೋಟೆಲಿನವನ ಚಾದರ ಸುಟ್ಟವಳು ನೀನು. ಇಸ್ತ್ರಿಪೆಟ್ಟಿಗೆ ಬಟ್ಟೆ ಮೇಲೇ ಬಿಟ್ಟು, ಬಾಗಿಲಲ್ಲಿ ನಿಂತು ಹಾಲಿನವಳ ಜೊತೆ ಹರಟೆ ಹೊಡೀತಿದ್ದೆ, ನಾನೇ ಕಣ್ಣಾರೆ ನೋಡಿದೀನಿ. ಸುಟ್ಟ ಕಲೆ ಮುಚ್ಚಿಕೊಳ್ಳೋಕೆ ಹಿಟ್ಟಿನ ಕಥೆ ಕಟ್ಟಿದೆ. ನಾಚಿಕೆ ಆಗ್ಬೇಕು ನಿನಗೆ."

ತಿಂಗಳುಗಳಿಂದ ಅಮ್ಮನ ಬಾಯಲ್ಲಿ ಇಷ್ಟುದ್ದದ ಮಾತನ್ನು ಮಗಳು ಕೇಳಿರಲಿಲ್ಲ. ಹಾಲಿನವಳು ಯಾರೆಂದು ಮಗಳಿಗೇ ಮರೆತಿತ್ತು. ಚಾದರದಿಂದ ಚರಂಡಿಗೆ, ಚರಂಡಿಯಿಂದ ಕದ್ದ ಪೊರಕೆಗೆ ಹೋಗಿ ಜಗಳ ಹಳೆಯ ದಾರಿಯಲ್ಲೇ ಹರಿಯಿತು. ಅಮ್ಮನ ಕೆನ್ನೆಗೆ ಬಣ್ಣ ಬಂದಿತ್ತು. ಲಾಂಡ್ರಿಯಾಕೆ ಹೊರಟುಹೋದ ಮೇಲೆ ಹಸಿವು ಎಂದಳು, ಎರಡು ಸಲ ಬಡಿಸಿಕೊಂಡು ಉಂಡಳು, ತಟ್ಟೆಯನ್ನು ತಾನೇ ತೊಳೆದಿಟ್ಟಳು.

"ಮತ್ತೆ ಬರ್ತಾಳಾ ಅವಳು? ಬರ್ಲಿ. ಇನ್ನೂ ಹೇಳೋದಿದೆ" ಎಂದಳು.

ಹೀಗೆ ಭಾನುವಾರಗಳು ನಡೆದವು. ಲಾಂಡ್ರಿಯಾಕೆ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಕೆಳಗಿನ ಮಹಡಿಯವರು ಗಲಾಟೆಯೆಂದು ದೂರು ಕೊಟ್ಟರು. ವಾರವಿಡೀ ಸಾಮಾನಿನ ಗಾಡಿ ಓಡಿಸಿ ಒಂದು ದಿನ ನಿದ್ದೆ ಮಾಡುವ ಅಳಿಯ, ಊರಲ್ಲೆಲ್ಲ ಜಗಳ ಬಿಡಿಸೋಕೆ ಜನ ಕರೀತಾರೆ, ನೀನೊಬ್ಬಳೇ ಆಡೋಕೆ ಕರೆಸೋಳು ಎಂದು ಹೆಂಡತಿಯ ಮೇಲೆ ರೇಗಿದ. ಅತ್ತೆಯ ರಕ್ತದೊತ್ತಡ ಏರಿದರೆ ಯಾರು ಜವಾಬ್ದಾರಿ ಎಂದ. ಆದರೆ ಅದೇ ಸಂಜೆ ಅತ್ತೆ ಅವನ ಮುಂದೆ ಟೀ ತಂದಿಟ್ಟು, ನಿನಗೆ ಸಕ್ಕರೆ ಹಾಕಿಲ್ಲಪ್ಪ, ನೀನು ಹಾಕ್ಕೊಳ್ಳಲ್ಲವಲ್ಲ ಎಂದಾಗ ಅವನು ಅದನ್ನು ಕುಡಿದ. ಮತ್ತೆ ಆ ಮಾತು ಎತ್ತಲಿಲ್ಲ.

ಒಂದು ಸಲ ಲಾಂಡ್ರಿಯಾಕೆಯನ್ನು ಕಳಿಸಲು ಹೊರಬಂದ ಮಗಳು, ಇಷ್ಟು ದೂರ ಬೈಸಿಕೊಳ್ಳೋಕೆ ಬರ್ತೀರಲ್ಲ ಚಿಕ್ಕಮ್ಮ ಎಂದು ಕೇಳಿದಳು.

"ನಾನಿರೋ ಬಿಲ್ಡಿಂಗಲ್ಲಿ ಎಲ್ಲರೂ ಬಹಳ ಒಳ್ಳೆಯವರು" ಎಂದಳು ಲಾಂಡ್ರಿಯಾಕೆ. "ಬೆಳಿಗ್ಗೆ ಎದ್ದರೆ ಚೆನ್ನಾಗಿದೀರಾ, ಸಾಯಂಕಾಲ ಚೆನ್ನಾಗಿದೀರಾ. ಒಬ್ಬರಾದ್ರೂ ಲೇ ಅನ್ನಲ್ಲ." ಲಿಫ್ಟಿನ ಗುಂಡಿ ಒತ್ತಿ, ಬಾಗಿಲು ನೋಡುತ್ತ, ಸಣ್ಣ ದನಿಯಲ್ಲಿ ಹೇಳಿದಳು: "ನಿಮ್ಮಮ್ಮ ಎಲ್ಲಾ ಎತ್ತಿ ಆಡ್ತಾಳೆ. ಅದೊಂದನ್ನ ಮಾತ್ರ ಎತ್ತಲ್ಲ. ಪ್ರತೀ ವಾರ ಇವತ್ತು ಎತ್ತುತ್ತಾಳೆ ಅಂತ ಬರ್ತೀನಿ."

ಯಾವುದು ಎಂದು ಮಗಳು ಕೇಳಲಿಲ್ಲ. ಅದನ್ನು ತಾನೇ ಎತ್ತಿ ಈ ಹೆಂಗಸಿನ ಮುಖಕ್ಕೆ ಹೊಡೆಯಬೇಕೆಂದು ಎಷ್ಟೋ ದಿನ ಅನ್ನಿಸಿತ್ತು. ಈಗ ಬಾಯಿ ಬರಲಿಲ್ಲ. ಲಿಫ್ಟು ಬಂತು, ಅವಳು ಹೋದಳು.

ಎಷ್ಟು ತಡೆದರೂ ಮರೆವು ತನ್ನ ಕೆಲಸ ಮಾಡಿಕೊಂಡೇ ಹೋಗುತ್ತಿತ್ತು. ಚಳಿಗಾಲ ಕಳೆಯುವ ಹೊತ್ತಿಗೆ ಜಗಳದಲ್ಲಿ ಅಮ್ಮ ಅಲ್ಲಲ್ಲಿ ಎಡವತೊಡಗಿದಳು. ಬೈಯಲು ಬಾಯಿ ತೆರೆದು, ಏನೆಂದು ಸಿಗದೆ, ಎದುರಿನವಳನ್ನೇ ಸಹಾಯಕ್ಕೆ ಕೇಳುವಂತೆ ನೋಡುತ್ತಿದ್ದಳು. ಆಗ ಲಾಂಡ್ರಿಯಾಕೆ, "ಕೊಚ್ಚೆನೀರು ಅಂತ ಶುರು ಮಾಡ್ತೀಯ ಈಗ, ನಂಗೊತ್ತು" ಎಂದು ತಾನೇ ತುದಿ ಎತ್ತಿಕೊಡುತ್ತಿದ್ದಳು. "ಹೂಂ ಮತ್ತೆ, ಕೊಚ್ಚೆನೀರು!" ಎಂದು ಅಮ್ಮ ಅದನ್ನು ಹಿಡಿದುಕೊಳ್ಳುತ್ತಿದ್ದಳು.

ಒಂದು ಭಾನುವಾರ ಅಮ್ಮನೇ ಮೊದಲು ಶುರು ಮಾಡಿದಳು. ಲಾಂಡ್ರಿಯಾಕೆ ಇನ್ನೂ ಕೂತಿರಲಿಲ್ಲ.

"ನಿನ್ನ ಗಿರಣಿ ಹಿಟ್ಟು ನನ್ನ ಬಟ್ಟೆ ಮೇಲೆಲ್ಲ ಕೂತಿದೆ. ಬಿಳೀ ಚಾದರ, ಒಗೆದು ಒಗೆದು ನನ್ನ ಕೈ ಬಿದ್ದುಹೋಯ್ತು" ಎಂದಳು ಅಮ್ಮ.

ಮಗಳು ತಿದ್ದಲು ಮುಂದೆ ಬಂದಳು. ಲಾಂಡ್ರಿಯಾಕೆ ಕೈ ಅಡ್ಡ ಹಿಡಿದು ಅವಳನ್ನು ತಡೆದಳು. ಗಂಟಲು ಸರಿಮಾಡಿಕೊಂಡಳು.

"ಗಿರಣಿ ಅಂದ ಮೇಲೆ ಹಿಟ್ಟು ಹಾರುತ್ತೆ" ಎಂದಳು. "ನೀನು ಕೊಚ್ಚೆನೀರು ಬಿಟ್ಟು ನನ್ನ ಗೋಧಿ ಚೀಲ ನೆನೆಸಿದ್ಯಲ್ಲ, ಅದಕ್ಕೇನು ಹೇಳ್ತೀಯ?"

ಆ ದಿನವಿಡೀ ಅವಳು ಗಿರಣಿಯವಳಾಗಿ ಜಗಳವಾಡಿದಳು. ಅಷ್ಟು ವರ್ಷ ಎದುರಿನಿಂದ ಕೇಳಿದ ಮಾತುಗಳು ಅವಳಿಗೆ ಒಂದೂ ಬಿಡದೆ ಬರುತ್ತಿದ್ದವು. ಮಗಳು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ನೀರು ಸುರಿಯುವ ಸದ್ದಿನಲ್ಲಿ ನಿಂತುಕೊಂಡಳು.

ಅದಾದ ಮೇಲೆ ಲಾಂಡ್ರಿಯಾಕೆಗೆ ಜ್ವರ ಬಂದು ಎರಡು ಮೂರು ವಾರ ಬರಲಾಗಲಿಲ್ಲ. ಬಂದ ದಿನ ಬಿಸಿಲು ಚುರುಗುಟ್ಟುತ್ತಿತ್ತು. ಅಮ್ಮ ಬಾಗಿಲ ಹತ್ತಿರವೇ ಓಡಾಡುತ್ತಿದ್ದವಳು ತಾನೇ ಚಿಲಕ ತೆಗೆದಳು. ಹೊರಗೆ ನಿಂತವಳನ್ನು ನೋಡಿ ಮುಗುಳ್ನಕ್ಕಳು.

"ಬನ್ನಿ, ಬನ್ನಿ" ಎಂದಳು. "ಬಿಸಿಲಲ್ಲಿ ಬಂದಿದೀರಿ. ಕೂತ್ಕೊಳ್ಳಿ. ನೀರು ಕೊಡ್ಲಾ?"

ಲಾಂಡ್ರಿಯಾಕೆ ಹೊಸ್ತಿಲಲ್ಲೇ ನಿಂತಳು. ಆಮೇಲೆ ಬಂದು ಕುರ್ಚಿಯ ತುದಿಯಲ್ಲಿ ಕೂತಳು. ಅಮ್ಮ ಎದುರಿಗೆ ಕೂತು, ಬಂದವರು ಮಾತಾಡಲೆಂದು ಕಾದಳು. ಲಾಂಡ್ರಿಯಾಕೆ ಮೇಜಿನ ಮೇಲೆ ಬೆರಳಾಡಿಸಿ ಧೂಳು ಎಂದಳು. ಹೌದು, ಈ ಕಡೆ ಗಾಳಿ ಜಾಸ್ತಿ ಎಂದಳು ಅಮ್ಮ. ಹೋಟೆಲಿನವನ ಚಾದರ ಎಂದಳು ಲಾಂಡ್ರಿಯಾಕೆ. ಹೌದಾ ಎಂದಳು ಅಮ್ಮ. ಲಾಂಡ್ರಿಯಾಕೆ ಮುಂದಕ್ಕೆ ಬಾಗಿದಳು.

"ಲೇ. ನನ್ನ ನೋಡೇ ಇಲ್ಲಿ. ಬೈಯೇ."

ಅಮ್ಮ ಗಾಬರಿಯಿಂದ ಮಗಳ ಕಡೆ ತಿರುಗಿ, ಪಿಸುದನಿಯಲ್ಲಿ, "ಪಾಪ, ಇವರಿಗೆ ಹುಷಾರಿಲ್ವೇನೇ?" ಎಂದಳು.

ಮಗಳು ಲಾಂಡ್ರಿಯಾಕೆಯ ಭುಜದ ಮೇಲೆ ಕೈಯಿಟ್ಟಳು. ಇವತ್ತು ಬಿಡಿ ಎಂದಳು. ಲಾಂಡ್ರಿಯಾಕೆಗೆ ಕೇಳಿಸಿದಂತೆ ಕಾಣಲಿಲ್ಲ. ಮಡಿಲಲ್ಲಿದ್ದ ಚೀಲದ ಹಿಡಿಯನ್ನು ಹಿಂಡುತ್ತ, ನೆಲ ನೋಡುತ್ತ ಹೇಳತೊಡಗಿದಳು.

"ಒಂದು ಗೋಡೆ ಇತ್ತು. ಬಿರುಕು ಬಿಟ್ಟಿತ್ತು. ತಲೆ ಮೇಲೆ ಬೀಳುತ್ತೆ ಅಂತ ನಾನು ಬಾಯಿಬಿಟ್ಟು ಅಂದೆ. ಬೀದೀಲಿ ನಿಂತು, ಎಲ್ಲರೆದುರಿಗೆ. ಅದೇ ವಾರ ಬಿತ್ತು."

"ಅಯ್ಯೋ" ಎಂದಳು ಅಮ್ಮ. "ಯಾರಿಗಾದ್ರೂ ಏನಾದ್ರೂ ಆಯ್ತಾ?"

"ಹೋದ್ರು."

ಅಮ್ಮ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. ಅವಳ ಸುಕ್ಕುಬೆರಳುಗಳನ್ನು ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡಳು. "ನಿಮ್ಮ ಯಜಮಾನರಾ?"

ಲಾಂಡ್ರಿಯಾಕೆ ತಲೆಯೆತ್ತಿ ಮಗಳನ್ನು ನೋಡಿದಳು. ಸತ್ತವನ ಮಗಳು ಗೋಡೆಗೆ ಒರಗಿ ನಿಂತಿದ್ದಳು. ಹೌದೆನ್ನಿ ಎಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ.

"ಹೂಂ" ಎಂದಳು ಲಾಂಡ್ರಿಯಾಕೆ.

"ಒಳ್ಳೆಯವರಿದ್ರಾ?"

"ಬಹಳ ಒಳ್ಳೆಯವರು. ಜಗಳ ಅಂದ್ರೆ ಆಗ್ತಿರ್ಲಿಲ್ಲ. ನಾನು ಬಾಯಿ ಜೋರು ಮಾಡಿದ್ರೆ ಒಳಗೆ ಹೋಗಿ ಗಿರಣಿ ಚಾಲೂ ಮಾಡೋರು. ಕಾಳಿಲ್ಲದಿದ್ರೂ."

ಅಮ್ಮ ನಕ್ಕಳು. ಎಷ್ಟೋ ಕಾಲದಿಂದ ಮಗಳು ನೋಡಿರದ, ಹಲ್ಲು ಕಾಣುವ ನಗು. "ಜಾಣರು" ಎಂದಳು. ಆಮೇಲೆ ನಗು ಹಾಗೆಯೇ ಮುಖದ ಮೇಲೆ ಉಳಿದು, ಅದು ಯಾತಕ್ಕೆ ಬಂದದ್ದೆಂದು ಅವಳಿಗೇ ಮರೆಯಿತು. ಹಿಡಿದುಕೊಂಡ ಕೈಗಳನ್ನು ಒಮ್ಮೆ ನೋಡಿದಳು, ಎದುರಿನ ಮುಖವನ್ನು ನೋಡಿದಳು.

"ಅಳ್ತಿದೀರಲ್ಲ. ಯಾರು ಹೋದ್ರು ನಿಮಗೆ?" ಎಂದು ಕೇಳಿದಳು.

ಲಾಂಡ್ರಿಯಾಕೆ ಕೈ ಬಿಡಿಸಿಕೊಂಡು ಎದ್ದಳು. ಮಗಳು ಟೀ ಮಾಡುತ್ತೇನೆ ಎಂದರೂ ನಿಲ್ಲಲಿಲ್ಲ. ಲಿಫ್ಟಿನವರೆಗೂ ಹಿಂದೆಯೇ ಹೋದ ಮಗಳು, ಮುಂದಿನ ಭಾನುವಾರ ಬರ್ತೀರಾ ಎಂದು ಕೇಳಿದಳು. ಬೇಡವೆನ್ನಲೂ ಆಗದೆ ಬನ್ನಿ ಎನ್ನಲೂ ಆಗದೆ ಕೇಳಿದ ಹಾಗಿತ್ತು ಅವಳ ದನಿ. ಲಾಂಡ್ರಿಯಾಕೆ ಆಗಲೇ ಉರಿಯುತ್ತಿದ್ದ ಗುಂಡಿಯನ್ನು ಮತ್ತೆ ಮತ್ತೆ ಒತ್ತಿದಳು. "ನೀನು ಒಳಗೆ ಹೋಗು. ಅವಳೊಬ್ಬಳೇ ಇದಾಳೆ" ಎಂದಳು.

ಮಗಳು ಬರುವಾಗ ಅಮ್ಮ ಕಿಟಕಿಯ ಹತ್ತಿರ ನಿಂತಿದ್ದಳು. ಕೆಳಗೆ, ರಸ್ತೆಯಾಚೆ, ನೆರಳಿಲ್ಲದ ಬಸ್ ನಿಲ್ದಾಣ. ಲಾಂಡ್ರಿಯಾಕೆ ರಸ್ತೆ ದಾಟಿ ಅಲ್ಲಿಗೆ ಹೋಗುವುದು ಐದು ಮಹಡಿ ಮೇಲಿನಿಂದ ಚಿಕ್ಕದಾಗಿ ಕಾಣಿಸುತ್ತಿತ್ತು.

"ಯಾರೋ ಬಿಸಿಲಲ್ಲಿ ನಿಂತಿದಾರೆ ನೋಡು" ಎಂದಳು ಅಮ್ಮ. "ಮೇಲೆ ಬನ್ನಿ ಅನ್ನಬಾರದಾ?"

ಬಸ್ಸು ಬಂದು ನಿಂತು ನಿಲ್ದಾಣವನ್ನು ಮರೆಮಾಡಿತು. ಇಳಿಯುವವರು ಇಳಿದರು, ಬಾಗಿಲು ಮುಚ್ಚಿತು, ಬಸ್ಸು ತಿರುವಿನಲ್ಲಿ ಹೊಗೆ ಬಿಟ್ಟು ಹೋಯಿತು. ಹೆಂಗಸು ಅಲ್ಲೇ ನಿಂತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಕೈಚೀಲವನ್ನು ಎತ್ತಿ ತಲೆಯ ಮೇಲೆ ಹಿಡಿದುಕೊಂಡಳು.